ಇಂಟರ್ವಲ್‌ಗೆ ಎದ್ದು ಬಂದವರು

ಆ ಸಿನಿಮಾದ ಹೆಸರು ಇಲ್ಲಿ ಬೇಡ. ಹೇಳಿದರೆ ನಲವತ್ತು ದಾಟಿದ ಹೆಂಗಸರಲ್ಲಿ ಅರ್ಧ ಜನ ಈಗಲೇ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಉಳಿದರ್ಧ ಜನ ತಾವೇ ಕಥೆ ಹೇಳಲು ಶುರುಮಾಡುತ್ತಾರೆ, ನಮ್ಮ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಅಣ್ಣ ತಂಗಿಯ ಸಿನಿಮಾ ಎಂದರೆ ಸಾಕು. ಊರಿಗೊಂದು ಆಸ್ಪತ್ರೆ ಕಟ್ಟಿಸಲು ಹೊರಟ ಅಣ್ಣನಿಗೆ ಜಾಗ ಸಾಲುವುದಿಲ್ಲ. ತಂಗಿ ಅರಳಿಕಟ್ಟೆಯ ಮುಂದೆ, ಊರೆಲ್ಲ ನೋಡುತ್ತಿರುವಾಗ, ತನ್ನ ಪಾಲಿನ ಕಾಗದವನ್ನು ನಾಲ್ಕು ಚೂರು ಮಾಡಿ, ‘ನಂಗೆ ಮಣ್ಣು ಬೇಡಣ್ಣ, ವರ್ಷಕ್ಕೊಂದು ಮಡಿಲಕ್ಕಿ ಸಾಕು’ ಅನ್ನುತ್ತಾಳೆ. ಹಿಂದೆ ಶಹನಾಯಿ ಕುಯ್ಯೋ ಅನ್ನುತ್ತದೆ. ಕಲ್ಲಿಗೂ ಕಣ್ಣೀರು ಬರಬೇಕು, ಹಾಗೆ ತೆಗೆದಿದ್ದಾರೆ.

ರಾಜಘಟ್ಟದ ಮುನಿರತ್ನಮ್ಮನಿಗೆ ಅದು ಪ್ರಾಣ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಅವಳು ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಆ ಸಿನಿಮಾವನ್ನು ಶುರುವಿನಿಂದ ಹೇಳಿ ಮುಗಿಸುತ್ತಿದ್ದಳು. ಮುಗಿಸುತ್ತಿದ್ದಳು ಅಂದರೆ ಇಂಟರ್ವಲ್‌ವರೆಗೆ. ಕಾಗದ ಹರಿದ ಕೂಡಲೇ ಇಂಟರ್ವಲ್ ಬೀಳುತ್ತದೆ, ಅಲ್ಲಿಂದಾಚೆ ಅವಳು ನೋಡಿಲ್ಲ. ಟಿವಿಯಲ್ಲಿ ಎರಡು ಮೂರು ಸಲ ಬಂದಿತ್ತು. ಆ ದೃಶ್ಯ ಮುಗಿದದ್ದೇ ಅವಳು ಮೂಗು ಒರೆಸಿಕೊಂಡು ಎದ್ದು ಟಿವಿ ಆರಿಸಿಬಿಡುತ್ತಿದ್ದಳು. ‘ಇನ್ನೇನಿಲ್ಲ ಕಣ್ರೇ, ಬರೀ ಫೈಟಿಂಗು. ನಮ್ಮಣ್ಣ ಅವತ್ತೇ ಹೇಳಿದ್ದ’ ಎಂದು ಜೊತೆಯವರಿಗೆ ಸಮಜಾಯಿಷಿ ಬೇರೆ. ಅಣ್ಣ ಹೇಳಿದ ಮೇಲೆ ಮುಗಿಯಿತು. ಆ ಹೆಂಗಸಿನ ನಂಬಿಕೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಣ್ಣ ಎಂದರೆ ತೂಬಗೆರೆ ಕಡೆಯ ದೇವರಾಜ್. ಒಂದು ಸಲ ತಾಲ್ಲೂಕು ಪಂಚಾಯಿತಿ ಮೆಂಬರ್ ಆಗಿದ್ದವನು, ಈಗ ಲೇಔಟು ಮಾಡುವವನು, ಕಂಡ ಕಂಡ ವೇದಿಕೆ ಹತ್ತಿ ಮಾತಾಡುವುದರಲ್ಲಿ ಎತ್ತಿದ ಕೈ. ಅಪ್ಪ ಪಿಳ್ಳಪ್ಪ ತೀರಿಕೊಂಡು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ಬಂದ ಮಾರನೇ ವರ್ಷ, ಎರಡು ಸಾವಿರದ ಆರರಲ್ಲಿ, ಈ ದೇವರಾಜ್ ಒಂದು ಬೆಳಗ್ಗೆ ಬಾಡಿಗೆ ಕಾರು ಮಾಡಿಕೊಂಡು ತಂಗಿಯ ಮನೆಬಾಗಿಲಿಗೆ ಬಂದ. ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದ. ರೇಷ್ಮೆ ಸೀರೆ ಕೊಡಿಸಿದ. ಬೆಳಗಿನ ಆಟಕ್ಕೆ ಆ ಸಿನಿಮಾ ತೋರಿಸಿದ. ಇಂಟರ್ವಲ್‌ನಲ್ಲಿ ಎಬ್ಬಿಸಿ, ‘ಆಫೀಸಲ್ಲಿ ಊಟಕ್ಕೆ ಎದ್ದುಬಿಡ್ತಾರೆ ರತ್ನ, ಇನ್ನುಳಿದಿದ್ದು ಬರೀ ಫೈಟಿಂಗು’ ಎಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ನಡೆಸಿಕೊಂಡು ಹೋದ. ಕಣ್ಣು ಇನ್ನೂ ಒದ್ದೆಯಿದ್ದ ಮುನಿರತ್ನಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ತೋರಿಸಿದ ಕಡೆಯೆಲ್ಲ ಸೈನು ಹಾಕಿದಳು. ಆಮೇಲೆ ಹೋಟೆಲಿನಲ್ಲಿ ಮಸಾಲೆದೋಸೆ.

ಪಾಲು ಹೋಯಿತಲ್ಲ ಎಂದು ಅವಳು ಒಂದು ದಿನವೂ ಕೊರಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ ಕುಂಕುಮ ತೆಗೆದುಕೊಂಡು ಸೈನು ಹಾಕುವುದು ಹೊಸದೇನಲ್ಲ. ಹಾಕದಿದ್ದವಳನ್ನು ತವರಿನವರು ಹೊಸ್ತಿಲು ತುಳಿಸುವುದಿಲ್ಲ, ಅದೂ ಹೊಸದಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ. ಪಿಳ್ಳಪ್ಪನ ಮನೆಯಲ್ಲಿ ಹೆಣ್ಣುಮಗಳನ್ನು ಯಾರೂ ಹೆಸರು ಹಿಡಿದು ಕೂಡ ಕರೆದವರಲ್ಲ. ಮೂವತ್ತೆರಡು ವರ್ಷಕ್ಕೆ ಮೊದಲ ಸಲ ಒಬ್ಬ ಅಣ್ಣ, ‘ಯಾವ ಬಣ್ಣ ಬೇಕು ರತ್ನ?’ ಎಂದು ಅಂಗಡಿಯಲ್ಲಿ ಕೇಳಿದ್ದ. ಇಡೀ ದಿನ ಅವಳ ಜೊತೆಗಿದ್ದ. ಗಂಡ ಕೆಂಪರಾಜು ಆಟೋ ಓಡಿಸಿಕೊಂಡಿದ್ದವನು, ‘ನಿಮ್ಮಣ್ಣ ನಿನ್ನ ತಲೆ ಸವರಿಬಿಟ್ಟ ಕಣೇ’ ಎಂದಾಗಲೆಲ್ಲ ಅವಳು ಆ ದಿನವನ್ನು ತೆಗೆದು ಮುಂದಿಡುತ್ತಿದ್ದಳು. ‘ನಿಮ್ಮಕ್ಕನ್ನ ನೀವು ಒಂದಿನ ಸಿನಿಮಾಕ್ಕೆ ಕರ್ಕೊಂಡೋಗಿದ್ದೀರಾ?’ ಅಂದರೆ ಅವನ ಬಾಯಿಗೆ ಬೀಗ.

ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು.

ಈ ಸಲದ ಗೌರಿ ಹಬ್ಬಕ್ಕೆ ದೇವರಾಜ್ ಎಂದಿನಂತೆ ಮಡಿಲಕ್ಕಿ ತಂದ. ಅಕ್ಕಿ, ಬೆಲ್ಲ, ಕಾಯಿ, ಬಳೆ, ಸೀರೆ. ಈ ಸಲ ಸೀರೆ ಮಾತ್ರ ಸ್ವಲ್ಪ ಭಾರವಾಗಿಯೇ ಇತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದ. ಅವತ್ತು ಬರೆಸಿದ ಪತ್ರದಲ್ಲಿ ಒಂದು ಸರ್ವೆ ನಂಬರ್ ಬಿಟ್ಟುಹೋಗಿತ್ತು. ಬಂಡೆ ಜಮೀನು, ಒಂದೆಕರೆ ಚಿಲ್ಲರೆ, ಮೇಕೆ ಮೇಯಿಸುವವರು ಬಿಟ್ಟರೆ ಯಾರೂ ಹೋಗದ ಜಾಗ. ಬರೆಸುವುದಕ್ಕೂ ದಂಡ ಎಂದು ಆಗ ಬಿಟ್ಟಿದ್ದ. ಈಗ ಅದರ ಪಕ್ಕದಲ್ಲೇ ರಸ್ತೆ ಅಗಲವಾಗಿದೆ, ಯಾವುದೋ ಕಂಪನಿಗೆ ಗೋಡೌನಿಗೆ ಅದೇ ಬೇಕಂತೆ, ತಂಗಿಯ ಸೈನಿಲ್ಲದೆ ಆಗುವುದಿಲ್ಲ ಎಂದು ಅವರ ವಕೀಲ ಪಟ್ಟು ಹಿಡಿದಿದ್ದಾನೆ.

‘ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಕಾರು ಕಳಿಸ್ತೀನಿ. ಒಂದು ಸೈನಮ್ಮ, ಅಷ್ಟೇ’ ಎಂದ.

‘ಅದಕ್ಕೇನಣ್ಣ, ಬರ್ತೀನಿ’ ಎಂದಳು ಮುನಿರತ್ನಮ್ಮ. ಒಳಗಿನಿಂದ ಕೆಂಪರಾಜು ಕೆಮ್ಮಿದ. ಕೆಮ್ಮಿದ ಅಷ್ಟೇ, ಮಾತಾಡಲಿಲ್ಲ. ಅಣ್ಣ ಹೋದ ಮೇಲೆ ಮಾತಾಡಿದ, ಸಂಜೆಯವರೆಗೂ ಮಾತಾಡಿದ, ಅವಳು ಮತ್ತೆ ಆ ದಿನವನ್ನು ತೆಗೆದು ಅವನ ಮುಂದಿಟ್ಟಳು.

ಮಗಳು ಸಿಂಚನ ದೊಡ್ಡಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಆ ಶುಕ್ರವಾರ ಅಲ್ಲಿ ಒಂದು ಕಾರ್ಯಕ್ರಮ. ‘ನನ್ನ ಮೆಚ್ಚಿನ ಸಿನಿಮಾ ಕಲಿಸಿದ ನಾಯಕತ್ವದ ಪಾಠ’ ಎಂದು ಬ್ಯಾನರು. ಈಗ ಹೀಗೇ. ಮೂರು ತಾಸು ಕೂತು ಅತ್ತು ನಕ್ಕು ಎದ್ದು ಬರುವುದು ಸಾಲದು, ಬರುವಾಗ ಒಂದು ಪಾಠ ಕಿಸೆಗೆ ಹಾಕಿಕೊಂಡೇ ಬರಬೇಕು. ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಗಾರ್ಮೆಂಟ್ಸ್ ಮಾಲೀಕ, ಮತ್ತೆ ದೇವರಾಜ್ ಅತಿಥಿಗಳು. ಸಿಂಚನಳದೇ ನಿರೂಪಣೆ. ‘ಮಾವ ಅದೇ ಸಿನಿಮಾ ಬಗ್ಗೆ ಮಾತಾಡ್ತಾರಂತೆ ಅಮ್ಮ, ನೀನು ಬಾ’ ಎಂದಳು. ಮುನಿರತ್ನಮ್ಮ ಅಡುಗೆಯನ್ನು ಜೊತೆಯವಳಿಗೆ ಒಪ್ಪಿಸಿ, ಹಬ್ಬದ ಸೀರೆಯನ್ನೇ ಉಟ್ಟುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಮದುವೆ ಮನೆಗೆ ಹೋದಷ್ಟು ಸಂಭ್ರಮ ಅವಳಿಗೆ.

ಪೊಲೀಸ್ ಅಧಿಕಾರಿ ಶಿಸ್ತಿನ ಪಾಠ ಹೇಳಿ ಕೂತರು. ಗಾರ್ಮೆಂಟ್ಸ್ ಮಾಲೀಕ ಶ್ರಮದ ಪಾಠ ಹೇಳಿ ಕೂತರು. ಮಕ್ಕಳು ಮೊಬೈಲು ನೋಡುತ್ತಿದ್ದವು. ದೇವರಾಜ್ ಎದ್ದ. ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು ಕೈಗೆ ತೆಗೆದುಕೊಂಡು ವೇದಿಕೆಯ ಅಂಚಿಗೆ ಬಂದು ನಿಂತ. ಕಥೆ ಹೇಳಿದ. ಮುನಿರತ್ನಮ್ಮನಿಗಿಂತ ಚೆನ್ನಾಗಿಯೇ ಹೇಳಿದ. ಕಾಗದ ಹರಿಯುವಲ್ಲಿಗೆ ಬಂದಾಗ ಅವಳು ಆಗಲೇ ಸೆರಗು ತೆಗೆದುಕೊಂಡಿದ್ದಳು.

‘ಎಲ್ಲಾರೂ ಇದ್ರಲ್ಲಿ ತ್ಯಾಗದ ಪಾಠ ಇದೆ ಅಂತಾರೆ’ ಎಂದ ದೇವರಾಜ್. ‘ನಾನು ಕಲಿತಿದ್ದು ಅದಲ್ಲ ಮಕ್ಳೇ. ಲೀಡರ್ ಅಂದ್ರೆ ಆರ್ಡರ್ ಮಾಡೋನಲ್ಲ. ಎದುರಿಗಿರೋರ ಮನಸ್ಸನ್ನ ಮೊದಲು ಹದ ಮಾಡ್ಕೊಳೋನು. ನನ್ನ ಜೀವನದ್ದೇ ಒಂದು ಉದಾಹರಣೆ ಕೊಡ್ತೀನಿ. ಆಗ ನನಗೆ ಒಬ್ಬರ ಒಪ್ಪಿಗೆ ಬೇಕಾಗಿತ್ತು. ಬಾಯಲ್ಲಿ ಕೇಳಿದ್ರೆ ಅವರ ಮನೇವ್ರು ಕಲ್ಲು ಹಾಕ್ತಿದ್ರು. ಈ ಸಿನಿಮಾ ಬಂದಿತ್ತು. ಒಂದೇ ವಾರದಲ್ಲಿ ಮೂರು ಸಲ ಒಬ್ನೇ ಹೋಗಿ ನೋಡಿದೆ. ಮೊದಲನೇ ಸಲ ಪರದೆ ನೋಡಿದೆ. ಆಮೇಲಿನ ಎರಡು ಸಲ ಪರದೆ ನೋಡ್ಲೇ ಇಲ್ಲ. ಕೂತಿದ್ದ ಹೆಂಗಸರ ಮುಖ ನೋಡಿದೆ. ಯಾವ ಸೀನಲ್ಲಿ ಅಳ್ತಾರೆ, ಎಷ್ಟೊತ್ತು ಅಳ್ತಾರೆ, ಗಮನ ಇಟ್ಟು ನೋಡ್ಕೊಂಡೆ. ನಾಲ್ಕನೇ ಸಲ ಯಾರ ಒಪ್ಪಿಗೆ ಬೇಕಿತ್ತೋ ಅವರನ್ನೇ ಕರ್ಕೊಂಡು ಹೋದೆ. ಇಂಟರ್ವಲ್‌ಗೆ ಎಬ್ಬಿಸ್ಕೊಂಡು ಬಂದ್ಬಿಟ್ಟೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಲೀಡರ್‌ಗೆ ಗೊತ್ತಿರ್ಬೇಕು. ಅವರ ಕಣ್ಣೀರು ಆರೋದ್ರೊಳಗೆ ನನ್ನ ಕೆಲಸ ಆಗಿತ್ತು. ಒಂದು ಎದುರು ಮಾತು ಇಲ್ಲ, ಒಂದು ಜಗಳ ಇಲ್ಲ. ಇವತ್ತಿಗೂ ಅವರಿಗೆ ನನ್ನ ಕಂಡ್ರೆ ಅದೇ ಪ್ರೀತಿ.’

ಮಕ್ಕಳು ಮೊಬೈಲು ಕೆಳಗಿಟ್ಟು ಚಪ್ಪಾಳೆ ಹೊಡೆದವು. ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಪ್ರಿನ್ಸಿಪಾಲರು ತಲೆದೂಗಿದರು.

ಮುನಿರತ್ನಮ್ಮನ ಸೆರಗು ಕಣ್ಣಿನ ಹತ್ತಿರವೇ ನಿಂತಿತ್ತು. ಅಳು ಬರಲಿಲ್ಲ. ಮೊದಲು ಅವಳಿಗೆ ಅನ್ನಿಸಿದ್ದು, ಇವನು ಬೇರೆ ಯಾರದೋ ಮಾತಾಡುತ್ತಿದ್ದಾನೆ ಎಂದು. ಇನ್ನೊಬ್ಬ ಯಾರನ್ನಾದರೂ ಕರೆದುಕೊಂಡು ಹೋಗಿದ್ದನೇನೋ, ರಾಜಕೀಯದವರನ್ನೋ ಇನ್ಯಾರನ್ನೋ. ಹೀಗೆ ಒಂದು ನಿಮಿಷ ಅಣ್ಣನ ಪರವಾಗಿ ತನ್ನೊಳಗೇ ವಾದ ಹೂಡಿದಳು. ಆ ಒಂದು ನಿಮಿಷವನ್ನೂ ಅವನು ಉಳಿಸಲಿಲ್ಲ.

‘ಅವರು ಇವತ್ತು ಇಲ್ಲೇ ಇದ್ದಾರೆ’ ಎಂದು ನಗುತ್ತಾ ಮೂರನೇ ಸಾಲಿಗೆ ಕೈ ತೋರಿಸಿದ. ‘ನನ್ನ ತಂಗಿ, ಮುನಿರತ್ನಮ್ಮ. ಬಾಮ್ಮ ರತ್ನ, ಮೇಲೆ ಬಾ.’

ಅವನ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ಅವಳನ್ನು ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಕಳ್ಳತನ ಮಾಡಿ ಅಡಗಿಸಿಟ್ಟಿದ್ದರೆ ಅವನಿಗೆ ತಪ್ಪೆಂದು ಗೊತ್ತಾದರೂ ಇತ್ತು ಎನ್ನಬಹುದಿತ್ತು. ಇವನು ಅದನ್ನು ಪದಕದಂತೆ ಎದೆಗೆ ಚುಚ್ಚಿಕೊಂಡು ನಿಂತಿದ್ದ.

ಅವಳನ್ನು ವೇದಿಕೆಗೆ ಕರೆಯಬೇಕಾದವಳು ಸಿಂಚನ, ನಿರೂಪಣೆ ಅವಳದೇ ತಾನೇ. ಹುಡುಗಿ ಮೈಕು ಹಿಡಿದು ತುಟಿ ಕಚ್ಚಿಕೊಂಡು ನಿಂತಿದ್ದಳು, ಕರೆಯಲಿಲ್ಲ. ಆದರೂ ಮುನಿರತ್ನಮ್ಮ ಎದ್ದಳು. ಮೆಟ್ಟಿಲು ಹತ್ತಿದಳು. ಪ್ರಿನ್ಸಿಪಾಲರು ಶಾಲು ಹೊದಿಸಿದರು, ಫೋಟೊ ಆಯಿತು. ‘ಎರಡು ಮಾತಾಡಿ ಅಮ್ಮ’ ಎಂದರು.

ಶಾಲೆಯ ಅಡುಗೆಮನೆಯಲ್ಲಿ ನೂರಿಪ್ಪತ್ತು ಮಕ್ಕಳನ್ನು ಗದರಿಸಿ ಸಾಲಾಗಿ ಕೂರಿಸುವ ಗಂಟಲು ಅದು, ಮೈಕು ಬೇಕಿರಲಿಲ್ಲ. ಆದರೂ ಮಗಳ ಕೈಯಿಂದ ತೆಗೆದುಕೊಂಡಳು. ಮಕ್ಕಳ ಕಡೆ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ.

‘ಸಿಂಚು, ನೀನು ಈ ಸಿನಿಮಾ ನೋಡಿದ್ದೀಯಾ?’

‘ಮೊನ್ನೆ ಫೋನಲ್ಲಿ ನೋಡ್ದೆ ಅಮ್ಮ. ನಿರೂಪಣೆಗೆ ಅಂತ.’

‘ಪೂರ್ತಿ?’

‘ಹೂಂ.’

‘ಇಂಟರ್ವಲ್ ಆದ್ಮೇಲೆ ಏನಾಗುತ್ತೆ?’

ಸಭೆಯಲ್ಲಿ ಕೆಲವರು ನಕ್ಕರು. ತಮಾಷೆ ಎಂದುಕೊಂಡಿರಬೇಕು. ಸಿಂಚನ ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಮ್ಮನ ಕೈಯಲ್ಲಿದ್ದ ಮೈಕಿಗೇ ಬಗ್ಗಿ ಹೇಳಿದಳು. ‘ಆಸ್ಪತ್ರೆ ಕಟ್ಟಿದ್ಮೇಲೆ ತಂಗಿ ಗಂಡ ಸತ್ತೋಗ್ತಾನೆ. ಅವಳು ಮಗೂನ ಎತ್ಕೊಂಡು ತವರಿಗೆ ಬರ್ತಾಳೆ. ಅತ್ತಿಗೆ ಬಾಗಿಲು ತೆಗೆಯೋಲ್ಲ. ಅವಳು ಅದೇ ಆಸ್ಪತ್ರೇಲಿ ಕಸ ಗುಡಿಸೋ ಕೆಲಸಕ್ಕೆ ಸೇರ್ತಾಳೆ. ಅಣ್ಣನಿಗೆ ಕೊನೇಲಿ ಗೊತ್ತಾಗುತ್ತೆ. ಅವನು ಅವಳ ಕಾಲು ಹಿಡ್ಕೊಂಡು, ಇಡೀ ಊರ ಮುಂದೆ, ಪಾಲು ವಾಪಸ್ ಬರ್ಕೊಡ್ತಾನೆ. ನಾನು ಅವತ್ತು ಇಸ್ಕೊಂಡಿದ್ದೇ ತಪ್ಪು ಅಂತಾನೆ. ಅಷ್ಟೇ ಅಮ್ಮ. ಫೈಟಿಂಗ್ ಇಲ್ಲ.’

ದೇವರಾಜ್ ಗಂಟಲು ಸರಿಮಾಡಿಕೊಂಡು, ‘ಅದೆಲ್ಲ ಲೇಡೀಸ್‌ಗೆ ಅಂತ ಪ್ರೊಡ್ಯೂಸರ್ ಸೇರಿಸಿರ್ತಾನೆ’ ಎಂದು ನಕ್ಕ. ಒಬ್ಬಿಬ್ಬರು ಅವನ ಜೊತೆ ನಕ್ಕರು. ಮುನಿರತ್ನಮ್ಮ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು ಕೆಳಗಿಳಿದಳು. ಪ್ರಿನ್ಸಿಪಾಲರು ಅವಸರದಲ್ಲಿ ವಂದನಾರ್ಪಣೆಗೆ ಸನ್ನೆ ಮಾಡಿದರು.

ಕಾರು ನಿಲ್ಲಿಸಿದ ಕಡೆ ದೇವರಾಜ್ ಅವಳನ್ನು ಹಿಡಿದ. ಕೋಪವಿದ್ದರೂ ತೋರಿಸಲಿಲ್ಲ. ಸೋಮವಾರ ಇನ್ನೂ ಆಗಬೇಕಿತ್ತಲ್ಲ.

‘ಏನಮ್ಮ ಹಿಂಗ್ಮಾಡ್ದೆ? ಅಷ್ಟು ಜನರ ಮುಂದೆ?’

‘ನೀನೂ ಅಷ್ಟು ಜನರ ಮುಂದೇನೇ ಹೇಳಿದ್ದು.’

‘ನಿನ್ನ ಮೇಲಕ್ಕೆ ಎತ್ತಿ ಮಾತಾಡ್ದೆ ಕಣೇ ನಾನು. ಶಾಲು ಹಾಕಿಸ್ದೆ. ಹೋಗ್ಲಿ ಬಿಡು, ಬೇಜಾರಾಗಿದ್ರೆ ತಪ್ಪಾಯ್ತು. ಸೋಮವಾರ ಹನ್ನೊಂದಕ್ಕೆ ರೆಡಿಯಾಗಿರು. ಈ ಸಲ ನಿನ್ನ ಬರೀ ಕೈಲಿ ಕಳಿಸಲ್ಲ.’

‘ನಾನು ಸೈನು ಹಾಕಲ್ಲಣ್ಣ.’

ದೇವರಾಜ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಇದು ಎಷ್ಟು ಹೊತ್ತಿನ ಸಿಟ್ಟು ಎಂದು ಅಳೆಯುವವನ ಹಾಗೆ. ‘ಎಷ್ಟು ಬೇಕು ಹೇಳು. ನಿನ್ನ ಗಂಡ ಹೇಳ್ಕೊಟ್ನಾ?’

‘ಯಾರೂ ಹೇಳ್ಕೊಟ್ಟಿಲ್ಲ. ನಂಗೆ ಪಾಲೂ ಬೇಡ. ದುಡ್ಡೂ ಬೇಡ. ಸೈನು ಹಾಕಲ್ಲ, ಅಷ್ಟೇ. ಬಂಡೆ ಬಂಡೆಯಾಗೇ ಬಿದ್ದಿರ್ಲಿ.’

‘ಹಂಗಾದ್ರೆ ಮುಂದಿನ ಗೌರಿ ಹಬ್ಬಕ್ಕೆ ಬಾಗಿಲು ನೋಡ್ಕೊಂಡು ಕೂತ್ಕೋಬೇಡ’ ಎಂದ ದೇವರಾಜ್. ಅದನ್ನೂ ಮೆಲ್ಲಗೇ ಹೇಳಿದ. ಡ್ರೈವರ್ ಬಾಗಿಲು ತೆಗೆದ, ಅವನು ಹತ್ತಿದ, ಕಾರು ಹೋಯಿತು.

ಆದರೂ ಸೋಮವಾರ ಕಾರು ಬಂತು. ಅವನ ಲೆಕ್ಕದಲ್ಲಿ ಮೂರು ದಿನಕ್ಕೆ ಸಿಟ್ಟು ಇಳಿದಿರಬೇಕಿತ್ತು. ಡ್ರೈವರ್ ಶಾಲೆಯವರೆಗೂ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುನಿರತ್ನಮ್ಮ ಅವನಿಗೊಂದು ತಟ್ಟೆ ಅನ್ನ ಸಾರು ಕೊಟ್ಟು, ಉಂಡ ಮೇಲೆ ವಾಪಸು ಕಳಿಸಿದಳು. ಕಂಪನಿಯವರಿಗೆ ಕಾಯುವ ವ್ಯವಧಾನ ಇರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಬೇರೆಯವರ ಜಮೀನು ನೋಡಿಕೊಂಡರು ಎಂದು ವಾರದೊಳಗೆ ಸುದ್ದಿ ಬಂತು.

ಸುದ್ದಿ ಬಂದ ಸಂಜೆ ಕೆಂಪರಾಜು ಮನೆಯಲ್ಲಿ ಸಿಟ್ಟಿನಿಂದ ಕುಣಿದಾಡಿಬಿಟ್ಟ. ಸೈನು ಹಾಕದಿದ್ದಾಗ ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದು ಆಟೋ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದವನು ಅವನು. ಅಷ್ಟು ಕೇಳಬಹುದಿತ್ತು, ಇಷ್ಟಕ್ಕೆ ಇಳಿಯಬಹುದಿತ್ತು ಎಂದು ಅವನ ತಲೆಯೊಳಗೆ ಎರಡಂತಸ್ತಿನ ಮನೆ ಆಗಲೇ ಎದ್ದಿತ್ತು. ‘ಕೇಸಾದ್ರೂ ಹಾಕು. ಹಳೇ ಪತ್ರಾನೂ ಸೇರಿಸಿ ಹಾಕೋಣ. ಕಣ್ಣೀರು ಹಾಕಿಸಿ ಬರೆಸ್ಕೊಂಡೆ ಅಂತ ಅವನೇ ಮೈಕಲ್ಲಿ ಒಪ್ಕೊಂಡಿದ್ದಾನಲ್ಲ’ ಎಂದ.

‘ಕೇಸೂ ಬೇಡ.’

‘ಪಾಲು ಬೇಡ, ದುಡ್ಡು ಬೇಡ, ಕೇಸು ಬೇಡ. ಮತ್ತೆ ಇಷ್ಟೆಲ್ಲ ರಂಪ ಯಾಕೆ ಮಾಡ್ದೆ? ನಿನಗೂ ಸಿಗ್ಲಿಲ್ಲ, ಅವನಿಗೂ ಸಿಗ್ಲಿಲ್ಲ. ಏನು ಬಂತು?’

ಇಷ್ಟು ವರ್ಷ ಗಂಡನ ಬಾಯಿ ಮುಚ್ಚಿಸುತ್ತಿದ್ದ ಮಾತು ಈಗ ಅವಳ ಹತ್ತಿರ ಇರಲಿಲ್ಲ. ಅವನು ಇನ್ನಷ್ಟು ಕೂಗಾಡಿ, ಚಪ್ಪಲಿ ಮೆಟ್ಟಿಕೊಂಡು ಸ್ಟ್ಯಾಂಡಿನ ಕಡೆ ಹೋದ.

ಸಿಂಚನ ಬಂದು ಪಕ್ಕದಲ್ಲಿ ಕೂತಳು. ಕಾಲೇಜಿನವರು ಯಾರೋ ಅವತ್ತಿನ ವಿಡಿಯೊ ಹಾಕಿದ್ದಾರೆ, ಸಾವಿರಾರು ಜನ ನೋಡಿದ್ದಾರೆ, ಹೆಣ್ಣುಮಕ್ಕಳು ಹಕ್ಕು ಕೇಳುವುದನ್ನು ನಿಮ್ಮಮ್ಮನಿಂದ ಕಲಿಯಬೇಕು ಅಂತ ಬರೆದಿದ್ದಾರೆ ಎಂದು ಫೋನು ಮುಂದೆ ಹಿಡಿದಳು. ಮುನಿರತ್ನಮ್ಮ ನೋಡಲಿಲ್ಲ. ಇವರೂ ಪಾಠ ತೆಗೆದುಕೊಂಡರಲ್ಲ ಎಂದು ಕಹಿಯಾಯಿತು. ಹಕ್ಕನ್ನು ಅವಳು ಎಲ್ಲಿ ಕೇಳಿದ್ದಳು? ಅವಳಿಗೆ ಬೇಕಾಗಿದ್ದನ್ನು ಯಾವ ಕೋರ್ಟೂ ಬರೆದುಕೊಡುವ ಹಾಗಿರಲಿಲ್ಲ.

‘ಒಂದು ಮಾತು ನಿನಗೆ ಹೇಳಿಲ್ಲ’ ಎಂದಳು. ‘ನಿಮ್ಮಪ್ಪನಿಗೂ ಹೇಳಿಲ್ಲ. ಅವತ್ತು ನೀನು ಎರಡು ವರ್ಷದ ಮಗು. ಟಾಕೀಸಿನ ಕತ್ಲಿಗೆ ಹೆದರಿ ರಚ್ಚೆ ಹಿಡ್ದೆ. ಸುತ್ತ ಇದ್ದೋರೆಲ್ಲ ಬೈದ್ರು. ಅಣ್ಣ ನಿನ್ನ ನನ್ನ ಮಡಿಲಿಂದ ಎತ್ಕೊಂಡ. ನೀನು ನೋಡು ರತ್ನ, ನಾನು ಮಗೂನ ನೋಡ್ಕೋತೀನಿ ಅಂದ. ಬಾಗಿಲ ಪರದೆ ಹತ್ರ ನಿಂತ್ಕೊಂಡು, ಹೆಗಲ ಮೇಲೆ ಹಾಕ್ಕೊಂಡು, ನಿನ್ನ ಬೆನ್ನು ತಟ್ತಾ ಇದ್ದ. ನಮ್ಮನೆ ಗಂಡಸರು ಮಗು ಎತ್ಕೊಂಡಿದ್ದು ನಾನು ಅದೇ ಮೊದಲು ನೋಡಿದ್ದು. ನಾನು ಅತ್ತಿದ್ದು ಸಿನಿಮಾಕ್ಕಲ್ಲ ಸಿಂಚು. ಅವನನ್ನ ನೋಡಿ.’

ಸಿಂಚನ ಅಮ್ಮನ ಕೈ ಹಿಡಿದುಕೊಂಡಳು. ‘ಅದು ಸುಳ್ಳಾಗಿರಲಿಕ್ಕಿಲ್ಲ ಅಮ್ಮ. ಎತ್ಕೊಂಡಿದ್ದಂತೂ ನಿಜ ತಾನೆ.’

‘ಈಗ ಜ್ಞಾಪಕ ಬರುತ್ತೆ’ ಎಂದಳು ಮುನಿರತ್ನಮ್ಮ. ‘ತಟ್ತಾ ಇದ್ದ, ಆದ್ರೆ ನಿನ್ನ ನೋಡ್ತಿರ್ಲಿಲ್ಲ. ಅಷ್ಟು ಹೊತ್ತೂ ನನ್ನ ಮುಖಾನೇ ನೋಡ್ತಿದ್ದ.’